ದೊಡ್ಡ ಸಾಹೇಬರು ಯಾವ ಊರಿನವರು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮಂಥ ಮಾಸ್ತರರ ಮನೆಯ ಕಟ್ಟೆ ಖಾಲಿ ಇರುವುದಿಲ್ಲ. ಸೈನ್ಸ್ ಕೊಡಿಸಬೇಕೋ, ಕಾಮರ್ಸ್ ಸಾಕೋ, ಡಿಪ್ಲೊಮಾಕ್ಕೆ ಹಾಕಿದರೆ ಹೇಗೆ ಎಂದು ಕೇಳುವವರು ಬೆಳಗಿನ ಚಹಾದ ಹೊತ್ತಿಗೇ ಬರತೊಡಗುತ್ತಾರೆ. ಹಾಗೆ ಬಂದವರಲ್ಲಿ ನಮ್ಮ ರಾಜೂರಿನ ನೇಕಾರರೊಬ್ಬರು ಮಗನನ್ನೂ ಕರೆತಂದಿದ್ದರು. ಹುಡುಗ ಗಣಿತ, ವಿಜ್ಞಾನಗಳಲ್ಲಿ ಚುರುಕು. ಬಿಡದಿಯಲ್ಲಿ ಜಪಾನಿ ಕಾರು ಕಂಪೆನಿಯದೊಂದು ತರಬೇತಿ ಸಂಸ್ಥೆ ಇದೆ, ಹತ್ತನೆಯ ತರಗತಿ ಪಾಸಾದ ಬಡ ಹಳ್ಳಿ ಹುಡುಗರನ್ನು ಆರಿಸಿ, ಮೂರು ವರ್ಷ ಅಲ್ಲಿಯೇ ಇಟ್ಟುಕೊಂಡು ಕಲಿಸುತ್ತಾರೆ ಎಂದು ಅವರಿಗೆ ಯಾರೋ ಹೇಳಿದ್ದರು. ತಂದೆಗೆ ಅದರ ಮೇಲೆ ಮನಸ್ಸು. ಮಗನಿಗೆ ಪಿಯುಸಿ ಮುಗಿಸಿ ಇಂಜಿನಿಯರಾಗುವ ಆಸೆ.

ಎಲ್ಲ ಮಾತು ಮುಗಿದ ಮೇಲೆ ಹೊರಡಲು ಎದ್ದ ತಂದೆ ಬಾಗಿಲಲ್ಲಿ ನಿಂತು ಕೇಳಿದರು: "ಸರ, ಒಂದ ಮಾತ ಕೇಳ್ತೀನ್ರಿ. ಆ ಕಂಪನ್ಯಾಗ ಎಲ್ಲಾರಕಿಂತ ಮ್ಯಾಲಿನ ಸಾಹೇಬ್ರು ಯಾರ ಇರ್ತಾರ್ರಿ? ಅವ್ರ ದೇಶದವ್ರೋ, ನಮ್ಮವ್ರೋ? ನಮ್ಮ ಹುಡುಗ ಎಷ್ಟ ಶಾಣ್ಯಾ ಇದ್ರೂ ಅಲ್ಲೀತನಕ ಹೋಗಾಕ ಬಿಡ್ತಾರೇನ್ರಿ?"

ಇಪ್ಪತ್ತೆಂಟು ವರ್ಷ ಓಮನ ನಿಯಮ, ದ್ಯುತಿಸಂಶ್ಲೇಷಣೆ ಕಲಿಸಿದ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. "ಓದಿ ಹೇಳ್ತೀನಣ್ಣಾ, ಮುಂದಿನ ವಾರ ಬರ್ರಿ" ಎಂದು ಕಳಿಸಿದೆ. ಆ ಒಂದು ವಾರ ಓದಿದ್ದು, ಹಳೆಯ ವಿದ್ಯಾರ್ಥಿಗಳನ್ನು ಕೇಳಿ ತಿಳಿದದ್ದು ಇತರ ಪಾಲಕರಿಗೂ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ಮೂರು ಬಗೆಯ ಸಾಹೇಬರು

ಒಂದು ದೇಶದ ಕಂಪೆನಿ ಇನ್ನೊಂದು ದೇಶದಲ್ಲಿ ಕಾರ್ಖಾನೆಯನ್ನೋ ಕಚೇರಿಯನ್ನೋ ತೆರೆದಾಗ ಅದರ ಮುಖ್ಯಸ್ಥನನ್ನು ಆರಿಸಲು ಮೂರೇ ದಾರಿ. ತನ್ನ ದೇಶದವನನ್ನು ಕಳಿಸಬಹುದು. ಅಲ್ಲಿಯವನನ್ನೇ ಕೂರಿಸಬಹುದು. ಇಲ್ಲವೇ ಎರಡೂ ಅಲ್ಲದ ಮೂರನೆಯ ದೇಶದವನನ್ನು ತರಬಹುದು. ಅಮೆರಿಕದ ವಿದ್ವಾಂಸ ಹೊವಾರ್ಡ್ ಪರ್ಲ್‌ಮಟರ್ 1969ರಲ್ಲಿ ಬರೆದ ಲೇಖನವೊಂದರಲ್ಲಿ ಈ ಆಯ್ಕೆಗಳ ಹಿಂದಿರುವ ಮನೋಭಾವಗಳನ್ನು ಗುರುತಿಸಿದರು. ನಮ್ಮವನೇ ಬಲ್ಲವನು ಎಂಬುದು ಒಂದು, ಆಯಾ ಊರಿನವನೇ ಬಲ್ಲವನು ಎಂಬುದು ಇನ್ನೊಂದು, ಯಾವ ದೇಶದವನಾದರೇನು, ಕೆಲಸ ಬಲ್ಲವನು ಬೇಕು ಎಂಬುದು ಮೂರನೆಯದು. ಒಂದೇ ಕಂಪೆನಿಯೊಳಗೆ ಮೂರೂ ಮನೋಭಾವ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುತ್ತವೆ ಎಂದೂ ಅವರು ಹೇಳಿದರು.

ಇದು ನಮಗೆ ಹೊಸದೇನಲ್ಲ. ಶಾಲೆಗೆ ಹೊಸ ಹೆಡ್‌ಮಾಸ್ತರರು ಬರುವಾಗ ಸ್ಟಾಫ್ ರೂಮಿನಲ್ಲಿ ನಡೆಯುವ ಚರ್ಚೆ ಇದೇ. ಇದೇ ಊರಿನವರಾದರೆ ಎಲ್ಲರ ಮನೆಯ ಪರಿಸ್ಥಿತಿ ಗೊತ್ತಿರುತ್ತದೆ, ಆದರೆ ಎಲ್ಲರ ದಾಕ್ಷಿಣ್ಯವೂ ಇರುತ್ತದೆ. ಹೊರಗಿನವರಾದರೆ ದಾಕ್ಷಿಣ್ಯವಿಲ್ಲ, ಆದರೆ ಊರು ಅರ್ಥವಾಗುವಷ್ಟರಲ್ಲಿ ಅವರ ವರ್ಗಾವಣೆಯ ಆದೇಶ ಬಂದಿರುತ್ತದೆ. ಐಎಎಸ್ ಅಧಿಕಾರಿಗಳ ಹಂಚಿಕೆಯಲ್ಲಿ ಒಬ್ಬ ಸ್ವರಾಜ್ಯದವನಿಗೆ ಇಬ್ಬರು ಹೊರರಾಜ್ಯದವರು ಎಂಬ ಲೆಕ್ಕ ಇಟ್ಟುಕೊಂಡಿರುವುದರ ಹಿಂದೆಯೂ ಇದೇ ವಿಚಾರವಿದೆ.

ಚಿನ್ನದ ಗಣಿಯಿಂದ ಸೋಪಿನ ಕಾರ್ಖಾನೆಗೆ

ಮೊದಲ ಬಗೆಯ ಅತಿರೇಕವನ್ನು ನೋಡಬೇಕಾದರೆ ನಮ್ಮ ರಾಜ್ಯದ ಕೋಲಾರ ಚಿನ್ನದ ಗಣಿಗೆ ಹೋಗಬೇಕು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಅಲ್ಲಿಯ ಗಣಿಗಳ ಆಡಳಿತ ಕೈಗೆತ್ತಿಕೊಂಡಿತು. ಗಣಿಯ ಆಳದಲ್ಲಿ ಇಳಿದು ಬಂಡೆ ಒಡೆದವರು ತಮಿಳು, ತೆಲುಗು ಸೀಮೆಯ ಬಡ ಕೂಲಿಗಳು. ಮೇಲೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಕಟ್ಟಿಕೊಂಡು ಆಡಳಿತ ನಡೆಸಿದವರು ಬ್ರಿಟಿಷರು. ಊರಿಗೆ 'ಲಿಟ್ಲ್ ಇಂಗ್ಲೆಂಡ್' ಎಂಬ ಹೆಸರೇ ಬಿತ್ತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು, ಯಂತ್ರಗಳು ಬದಲಾದವು. ಮೇಲಿನ ಕುರ್ಚಿ ಮಾತ್ರ ಬದಲಾಗಲಿಲ್ಲ. ಅದು ಬದಲಾದದ್ದು 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿದಾಗ, ಅಂದರೆ ಮುಕ್ಕಾಲು ಶತಮಾನ ಕಳೆದ ಮೇಲೆ.

ಇದಕ್ಕೆ ತದ್ವಿರುದ್ಧವಾದ ಕಥೆ ನಮ್ಮ ಬಚ್ಚಲುಮನೆಯಲ್ಲೇ ಇದೆ. ಇಂಗ್ಲೆಂಡಿನ ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು ಕಲ್ಕತ್ತಾ ಬಂದರಿನಲ್ಲಿ ಇಳಿದದ್ದು 1888ರಲ್ಲಿ. ಆ ಲಿವರ್ ಕಂಪೆನಿ ಮುಂದೆ ಯೂನಿಲಿವರ್ ಆಗಿ, ಭಾರತದಲ್ಲಿ 1930ರ ದಶಕದಲ್ಲಿ ಅಂಗಸಂಸ್ಥೆಗಳನ್ನು ತೆರೆಯಿತು. 1937ರಲ್ಲಿ ಪ್ರಕಾಶ್ ಟಂಡನ್ ಎಂಬ ಪಂಜಾಬಿ ತರುಣ, ಇಂಗ್ಲೆಂಡಿನಲ್ಲಿ ಲೆಕ್ಕಪರಿಶೋಧನೆ ಕಲಿತು ಬಂದವರು, ಅಲ್ಲಿ ಕೆಲಸಕ್ಕೆ ಸೇರಿದರು. ಅಧಿಕಾರಿ ಶ್ರೇಣಿಗೆ ಸೇರಿದ ಮೊದಮೊದಲ ಭಾರತೀಯರಲ್ಲಿ ಅವರೊಬ್ಬರು. 1942ರಲ್ಲಿ, ಇನ್ನೂ ಬ್ರಿಟಿಷರೇ ಆಳುತ್ತಿದ್ದಾಗ, ಯೂರೋಪಿಯನ್ನರ ಜಾಗಕ್ಕೆ ಭಾರತೀಯರನ್ನೇ ತರಬೇತಿಗೊಳಿಸಿ ತರಬೇಕೆಂದು ಕಂಪೆನಿ ತೀರ್ಮಾನಿಸಿತು. ಟಂಡನ್ 1951ರಲ್ಲಿ ಮೊದಲ ಭಾರತೀಯ ನಿರ್ದೇಶಕರಾದರು. 1955ರ ಹೊತ್ತಿಗೆ ಅಧಿಕಾರಿಗಳಲ್ಲಿ ಶೇಕಡಾ 65ರಷ್ಟು ಭಾರತೀಯರು. 1961ರಲ್ಲಿ ಟಂಡನ್ ಹಿಂದೂಸ್ತಾನ್ ಲಿವರ್‌ನ ಅಧ್ಯಕ್ಷರಾದಾಗ 205 ಅಧಿಕಾರಿಗಳಲ್ಲಿ 191 ಮಂದಿ ಭಾರತೀಯರಿದ್ದರು. ಸೇರಿದ ದಿನದಿಂದ ಅಧ್ಯಕ್ಷರ ಕುರ್ಚಿಗೆ ಇಪ್ಪತ್ನಾಲ್ಕು ವರ್ಷ. ನಿಧಾನವಾದರೂ ಏಣಿ ಇತ್ತು ಎಂಬುದನ್ನು ಗಮನಿಸಬೇಕು.

ಕಂಪೆನಿ ಹೀಗೆ ಮಾಡಿದ್ದು ಔದಾರ್ಯದಿಂದಲೇ ಎಂದು ತಿಳಿಯಬೇಕಾಗಿಲ್ಲ. ಸೋಪು ಮಾರುವವನಿಗೆ ಸಂತೆ ಗೊತ್ತಿರಬೇಕು. ಯಾವ ತಿಂಗಳಲ್ಲಿ ರೈತನ ಕೈಯಲ್ಲಿ ದುಡ್ಡು ಓಡಾಡುತ್ತದೆ, ಹೆಣ್ಣುಮಕ್ಕಳು ಹಳ್ಳದಲ್ಲಿ ಬಟ್ಟೆ ಒಗೆಯುವಾಗ ಯಾವ ಬಾರು ಬೇಗ ಸವೆಯುತ್ತದೆ ಎಂಬುದು ಲಂಡನ್ನಿನಲ್ಲಿ ಕುಳಿತರೆ ತಿಳಿಯುವುದಿಲ್ಲ. ಜೊತೆಗೆ ವಿದೇಶಿ ಅಧಿಕಾರಿ ದುಬಾರಿ. ಅವನ ಸಂಬಳದ ಮೇಲೆ ಮನೆ, ಮಕ್ಕಳ ಶಾಲೆ, ವರ್ಷಕ್ಕೊಮ್ಮೆ ಸ್ವದೇಶಕ್ಕೆ ಹೋಗಿಬರುವ ಖರ್ಚು ಎಲ್ಲ ಸೇರುತ್ತದೆ. ಇದರ ಮೇಲೆ ಸ್ವಾತಂತ್ರ್ಯಾನಂತರದ ಸರ್ಕಾರದ ಒತ್ತಡ. 1973ರ ವಿದೇಶಿ ವಿನಿಮಯ ಕಾಯ್ದೆ ಅನೇಕ ವಿದೇಶಿ ಕಂಪೆನಿಗಳ ಪಾಲನ್ನು ಶೇಕಡಾ 40ಕ್ಕೆ ಇಳಿಸಲು ಹೊರಟಾಗ, ಒಪ್ಪದ ಕೋಕಾ-ಕೋಲಾ 1977ರಲ್ಲಿಯೂ ಐಬಿಎಂ 1978ರಲ್ಲಿಯೂ ದೇಶ ಬಿಟ್ಟವು. ಉಳಿದವು ಭಾರತೀಯ ಮುಖಗಳನ್ನು ಮುಂದಿಟ್ಟುಕೊಂಡೇ ಉಳಿದವು.

ಟಂಡನ್ನರ ನಂತರ ಆ ಏಣಿ ಭಾರತದಲ್ಲೇ ನಿಲ್ಲಲಿಲ್ಲ. ಅಶೋಕ್ ಗಂಗೂಲಿ 1990ರಲ್ಲಿ ಮಾತೃಸಂಸ್ಥೆಯ ಆಡಳಿತ ಮಂಡಳಿಗೇ ಹೋದರು. ನಮ್ಮ ಬೆಳಗಾವಿಗೆ ಸಮೀಪದ ಕೊಲ್ಹಾಪುರದಲ್ಲಿ ಬೆಳೆದು ಸಾಂಗಲಿಯಲ್ಲಿ ಇಂಜಿನಿಯರಿಂಗ್ ಓದಿದ ಲೀನಾ ನಾಯರ್ 1992ರಲ್ಲಿ ಹಿಂದೂಸ್ತಾನ್ ಲಿವರ್‌ಗೆ ಟ್ರೇನಿಯಾಗಿ ಸೇರಿ, 2016ರಲ್ಲಿ ಇಡೀ ಯೂನಿಲಿವರ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥೆಯಾದರು. 2022ರ ಜನವರಿಯಲ್ಲಿ ಶನೆಲ್ ಎಂಬ ಜಗತ್ಪ್ರಸಿದ್ಧ ಫ್ಯಾಷನ್ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕಿಯಾಗಿ ಹೋದರು. ಹೆಣ್ಣುಮಕ್ಕಳ ಪಾಲಕರು ಇದನ್ನು ಓದಬೇಕು. ಪತ್ರಿಕೆಗಳೆಲ್ಲ ಮಣಿಪಾಲದಲ್ಲಿ ಓದಿ ಮೈಕ್ರೊಸಾಫ್ಟ್ ಮುಖ್ಯಸ್ಥರಾದ ಸತ್ಯ ನಾದೆಲ್ಲರ ಚಿತ್ರವನ್ನೇ ಅಚ್ಚು ಹಾಕುತ್ತವೆ. ಆದರೆ ಅವರು ಪದವಿ ಮುಗಿಸಿ ಅಮೆರಿಕಕ್ಕೆ ಹೋಗಿ ಅಲ್ಲಿ ಮೇಲೇರಿದವರು. ಇಲ್ಲಿಯ ಅಂಗಸಂಸ್ಥೆಗೆ ಸೇರಿ ಇಲ್ಲಿಂದಲೇ ಏರುವುದು ಬೇರೆ ಲೆಕ್ಕ, ನಮ್ಮ ಹುಡುಗರಿಗೆ ಹತ್ತಿರದ ಲೆಕ್ಕ.

ಒಂದು ಕುರ್ಚಿಗಾಗಿ ಕೋರ್ಟಿಗೆ

ಮೇಲಿನ ಕುರ್ಚಿ ಎಷ್ಟು ಬೆಲೆಯುಳ್ಳದ್ದು ಎಂದು ತಿಳಿಯಲು ಮಾರುತಿಯ ಪ್ರಕರಣ ನೆನಪಿಸಿಕೊಳ್ಳಬೇಕು. 1992ರಲ್ಲಿ ಜಪಾನಿನ ಸುಜುಕಿ ತನ್ನ ಪಾಲನ್ನು ಶೇಕಡಾ 50ಕ್ಕೆ ಏರಿಸಿಕೊಂಡಿತ್ತು, ಉಳಿದ ಬಹುಪಾಲು ಭಾರತ ಸರ್ಕಾರದ್ದು. 1997ರ ಆಗಸ್ಟಿನಲ್ಲಿ ಸರ್ಕಾರವು ಆರ್.ಎಸ್.ಎಸ್.ಎಲ್.ಎನ್. ಭಾಸ್ಕರುಡು ಅವರನ್ನು ವ್ಯವಸ್ಥಾಪಕ ನಿರ್ದೇಶಕರನ್ನಾಗಿ ನೇಮಿಸಿತು. ಸುಜುಕಿ ಒಪ್ಪಲಿಲ್ಲ. ವ್ಯಾಜ್ಯ ದೆಹಲಿಯ ಹೈಕೋರ್ಟಿಗೆ ಹೋಯಿತು, ಅಂತರರಾಷ್ಟ್ರೀಯ ಪಂಚಾಯಿತಿಯ ಮೆಟ್ಟಿಲನ್ನೂ ಹತ್ತಿತು. 1998ರ ಜೂನ್‌ನಲ್ಲಿ ರಾಜಿಯಾಗಿ, ಭಾಸ್ಕರುಡು ಅವಧಿಗೆ ಮೊದಲೇ, 1999ರ ಕೊನೆಗೆ ಇಳಿಯುವುದೆಂದೂ ಆಮೇಲೆ ಜಗದೀಶ್ ಖಟ್ಟರ್ ಬರುವುದೆಂದೂ ತೀರ್ಮಾನವಾಯಿತು. 2002ರಲ್ಲಿ ಸುಜುಕಿಗೆ ಬಹುಮತದ ಪಾಲು ಸಿಕ್ಕಿತು. 2007ರಲ್ಲಿ ಜಪಾನಿನ ಶಿಂಜೊ ನಕಾನಿಶಿ ಆ ಕುರ್ಚಿಗೆ ಬಂದರು. ಅಂದಿನಿಂದ ಅಲ್ಲಿ ಜಪಾನೀಯರೇ. ಅಧ್ಯಕ್ಷ ಸ್ಥಾನದಲ್ಲಿ ಮಾತ್ರ 2007ರಿಂದ ಭಾರತೀಯರಾದ ಆರ್.ಸಿ. ಭಾರ್ಗವ. ಪಾಲು ಯಾರದೋ ಕುರ್ಚಿಯೂ ಅವರದೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪಾಠ ಬೇಕಿಲ್ಲ.

ಬಿಡದಿಯ ಕಥೆಯೂ ಹೆಚ್ಚುಕಡಿಮೆ ಇದೇ ದಾರಿಯದು, ಜಗಳವಿಲ್ಲದ್ದು. 1997ರಲ್ಲಿ ಟೊಯೊಟಾ ಕಂಪೆನಿಯೂ ಕಿರ್ಲೋಸ್ಕರ್ ಮನೆತನವೂ ಸೇರಿ ಕಟ್ಟಿದ ಸಂಸ್ಥೆ ಟೊಯೊಟಾ ಕಿರ್ಲೋಸ್ಕರ್ ಮೋಟಾರ್. ಕಿರ್ಲೋಸ್ಕರರು ನಮ್ಮವರೇ. ಉದ್ಯಮದ ಮೂಲಪುರುಷ ಲಕ್ಷ್ಮಣರಾಯರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಉದ್ಯಮ ಆರಂಭವಾದದ್ದು 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯಿಂದ. ಬಿಡದಿಯಲ್ಲಿ ವ್ಯವಸ್ಥಾಪಕ ನಿರ್ದೇಶಕರಾಗಿ ಜಪಾನಿನಿಂದ ಬಂದವರು ಕೂರುತ್ತಾರೆ, ಉಪಾಧ್ಯಕ್ಷರ ಸ್ಥಾನ ಕಿರ್ಲೋಸ್ಕರ್ ಮನೆತನಕ್ಕೆ. ವಿಕ್ರಮ್ ಕಿರ್ಲೋಸ್ಕರ್ 2022ರ ನವೆಂಬರಿನಲ್ಲಿ ತೀರಿಕೊಂಡ ಮೇಲೆ ಅವರ ಮಗಳು ಮಾನಸಿ ಆ ಸ್ಥಾನಕ್ಕೆ ಬಂದರು.

ಜಪಾನೀಯರು ಏಕೆ ತಮ್ಮವರನ್ನೇ ಕಳಿಸುತ್ತಾರೆ? ಅಮೆರಿಕ, ಯೂರೋಪಿನ ಕಂಪೆನಿಗಳಿಗೆ ಹೋಲಿಸಿದರೆ ಜಪಾನಿ ಕಂಪೆನಿಗಳಲ್ಲಿ ಈ ರೂಢಿ ಹೆಚ್ಚು ಎಂದು ಸಂಶೋಧಕರು ಹಲವು ಬಾರಿ ತೋರಿಸಿದ್ದಾರೆ. ಅವರ ಕೆಲಸದ ರೀತಿ ಪುಸ್ತಕದಲ್ಲಿ ಬರೆದಿಟ್ಟದ್ದಕ್ಕಿಂತ ಜೊತೆಗಿದ್ದು ಕಲಿಯುವಂಥದ್ದು. ಕೇಂದ್ರ ಕಚೇರಿಯ ಮಾತುಕತೆಯೆಲ್ಲ ಜಪಾನಿ ಭಾಷೆಯಲ್ಲಿ. ಯಾವ ವಿಷಯಕ್ಕೆ ಯಾರಿಗೆ ಫೋನ್ ಮಾಡಬೇಕು ಎಂಬುದು ಅಲ್ಲಿ ಇಪ್ಪತ್ತು ವರ್ಷ ಇದ್ದವನಿಗಷ್ಟೇ ಗೊತ್ತು. ಇದನ್ನು ನಾನು ತಪ್ಪೆನ್ನಲಾರೆ. ಆದರೆ ಇಲ್ಲಿಯ ಜಾಣ ಹುಡುಗನಿಗೆ ಅದು ಗೋಡೆಯಂತೆ ಕಂಡರೆ ಅದೂ ಸುಳ್ಳಲ್ಲ.

ಬೆಂಗಳೂರಿನ ಬಾಷ್ ಕಂಪೆನಿಯ ಮಾದರಿ ಬೇರೆ. 1951ರಲ್ಲಿ ಮೈಕೊ ಎಂಬ ಹೆಸರಿನಲ್ಲಿ ಆರಂಭವಾಗಿ, ಆಡುಗೋಡಿಯಲ್ಲಿ ಬೆಳೆದು, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡ ಈ ಸಂಸ್ಥೆಯಲ್ಲಿ ಜರ್ಮನಿಯ ಮಾತೃಸಂಸ್ಥೆಯ ಪಾಲು ಸುಮಾರು ಶೇಕಡಾ 70. ಆದರೂ ಕುರ್ಚಿ ಒಂದೇ ಕಡೆ ವಾಲಿಲ್ಲ. ವಿ.ಕೆ. ವಿಶ್ವನಾಥನ್ ನಂತರ 2013ರಲ್ಲಿ ಜರ್ಮನ್ನರಾದ ಸ್ಟೆಫನ್ ಬರ್ನ್ಸ್, 2017ರಲ್ಲಿ ಸೌಮಿತ್ರ ಭಟ್ಟಾಚಾರ್ಯ, 2023ರ ಜುಲೈನಲ್ಲಿ ಗುರುಪ್ರಸಾದ್ ಮುದ್ಲಾಪುರ. ಪಾಲಿನ ಲೆಕ್ಕ ಒಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ ಎಂದಾಯಿತು. ಮಾರುತಿಯ ಬಗ್ಗೆ ಮೇಲೆ ಬರೆದ ಮಾತನ್ನು ಇಲ್ಲಿಗೆ ಬಂದಾಗ ಸ್ವಲ್ಪ ತಿದ್ದಿಕೊಳ್ಳಬೇಕು.

ಸಾಫ್ಟ್‌ವೇರ್‌ನಲ್ಲಿ ಬದಲಾವಣೆ ಇನ್ನೂ ಬೇಗ ಆಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅದರ ಉಪಗ್ರಹ ಸಂಪರ್ಕದ ಸಾಮಗ್ರಿಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆ ಪ್ರಸಿದ್ಧ. ಹತ್ತು ವರ್ಷ ಕಳೆಯುವಷ್ಟರಲ್ಲಿ, 1995ರಲ್ಲಿ, ಶ್ರೀನಿ ರಾಜಂ ಅದರ ಭಾರತದ ಮುಖ್ಯಸ್ಥರಾಗಿದ್ದರು. ಅಲ್ಲಿ ಯಂತ್ರಕ್ಕಿಂತ ಮನುಷ್ಯರ ತಲೆಯೇ ಬಂಡವಾಳ, ಆ ತಲೆಗಳನ್ನು ಹುಡುಕಿ ಉಳಿಸಿಕೊಳ್ಳಲು ಇಲ್ಲಿಯವರೇ ಬೇಕು.

ಕಳಿಸುವುದಾದರೂ ಏಕೆ?

ಸ್ಥಳೀಯವಾಗಿ ಸಮರ್ಥರು ಸಿಕ್ಕರೂ ಕಂಪೆನಿಗಳು ಹೊರಗಿನವರನ್ನು ಕಳಿಸುವುದು ಪೂರ್ತಿ ನಿಂತಿಲ್ಲ. ಎಡ್‌ಸ್ಟ್ರಾಮ್ ಮತ್ತು ಗಾಲ್‌ಬ್ರೈತ್ ಎಂಬ ಇಬ್ಬರು 1977ರಲ್ಲಿ ಇದನ್ನು ಪರಿಶೀಲಿಸಿ ಮೂರು ಕಾರಣ ಕೊಟ್ಟರು. ಬಲ್ಲವರು ಅಲ್ಲಿ ಸಿಗದಿರುವುದು ಮೊದಲನೆಯದು. ಹೋದವನೇ ಅನುಭವ ಪಡೆದು ಮುಂದೆ ದೊಡ್ಡ ಹುದ್ದೆಗೆ ತಯಾರಾಗಲಿ ಎಂಬುದು ಎರಡನೆಯದು. ಮೂರನೆಯದು ಸೂಕ್ಷ್ಮವಾದದ್ದು. ದೂರದ ಶಾಖೆಗಳು ಕೇಂದ್ರದ ಮಾತನ್ನು ಬರೀ ಸುತ್ತೋಲೆಯಿಂದ ಕೇಳುವುದಿಲ್ಲ, ಅತ್ತಿತ್ತ ಓಡಾಡಿದ ಜನರ ಪರಿಚಯ, ವಿಶ್ವಾಸಗಳ ಮೂಲಕ ಕೇಳುತ್ತವೆ. ಕಂಪೆನಿಯನ್ನು ಒಂದಾಗಿ ಹಿಡಿದಿಡುವ ದಾರ ಈ ಓಡಾಡುವ ಜನ.

ಇಲ್ಲಿ ಪಾಲಕರು ತಿಳಿಯಬೇಕಾದ ಇನ್ನೊಂದು ಸಂಗತಿ ಇದೆ. ಮುಖ್ಯಸ್ಥ ಭಾರತೀಯನಾಗಿದ್ದರೂ ಕೆಲವು ಕಂಪೆನಿಗಳಲ್ಲಿ ಹಣಕಾಸಿನ ಮುಖ್ಯಸ್ಥ ಕೇಂದ್ರ ಕಚೇರಿಯಿಂದ ಬಂದಿರುತ್ತಾನೆ. ಮನೆಯ ಯಜಮಾನಿಕೆ ಮಗನಿಗೆ ಕೊಟ್ಟು ತಿಜೋರಿಯ ಕೀಲಿ ಸೊಂಟದಲ್ಲಿ ಇಟ್ಟುಕೊಂಡ ಅಜ್ಜನನ್ನು ನಾವು ನೋಡಿಲ್ಲವೇ? ಸಿಬ್ಬಂದಿ, ಮಾರಾಟ ವಿಭಾಗಗಳು ಮಾತ್ರ ಬಹುತೇಕ ಸ್ಥಳೀಯರ ಕೈಯಲ್ಲೇ. ನಮ್ಮ ಕಾನೂನು ಕೇಳುವುದು ಬಹಳ ಕಡಿಮೆ. 2013ರ ಕಂಪೆನಿ ಕಾಯ್ದೆಯ ಪ್ರಕಾರ ವರ್ಷಕ್ಕೆ ಕನಿಷ್ಠ 182 ದಿನ ಭಾರತದಲ್ಲಿ ಇರುವ ಒಬ್ಬ ನಿರ್ದೇಶಕನಾದರೂ ಇರಬೇಕು. ಅವನು ಭಾರತೀಯನೇ ಆಗಿರಬೇಕೆಂದು ಅದು ಹೇಳುವುದಿಲ್ಲ.

ಕಳಿಸಿದವರೆಲ್ಲ ಗೆದ್ದುಬರುತ್ತಾರೆಂದೂ ಅಲ್ಲ. ಹೆಂಡತಿಗೆ ಪರದೇಶದಲ್ಲಿ ಕೆಲಸ ಸಿಗದೆ, ಮಕ್ಕಳಿಗೆ ಶಾಲೆ ಹೊಂದದೆ ಅವಧಿಗೆ ಮೊದಲೇ ಮರಳುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಬೇರೆ ಗಿಡಕ್ಕೆ ಕಸಿ ಕಟ್ಟುವಾಗ ಒಳ್ಳೆಯ ಟೊಂಗೆಯನ್ನೇ ಆರಿಸಿದರೂ ಎಲ್ಲವೂ ಹಿಡಿಯುವುದಿಲ್ಲ ಎಂದು ನಾನು ಜೀವಶಾಸ್ತ್ರದ ಪಾಠದಲ್ಲಿ ಹೇಳುವುದುಂಟು.

ಈಗ ಲೆಕ್ಕವನ್ನು ತಿರುಗಿಸಿ ನೋಡೋಣ. ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನಮ್ಮ ಮಕ್ಕಳು ದಿನವೂ ನೋಡುತ್ತಾರೆ. ಈ ಉದ್ಯಮದಲ್ಲೇ ತುಳಸಿ ತಂತಿ ಎಂಬ ಗುಜರಾತಿನವರು 1995ರಲ್ಲಿ ಸ್ಥಾಪಿಸಿದ ಸುಜ್ಲಾನ್ ಕಂಪೆನಿ, 2007ರಲ್ಲಿ ಜರ್ಮನಿಯ ಆರ್‌ಈಪವರ್ ಕಂಪೆನಿಯ ಒಡೆತನಕ್ಕಾಗಿ ಫ್ರಾನ್ಸಿನ ಕಂಪೆನಿಯೊಂದಿಗೆ ಪೈಪೋಟಿ ನಡೆಸಿ ಗೆದ್ದಿತು. ಒಡೆಯ ಭಾರತೀಯ, ಅಂಗಸಂಸ್ಥೆ ಜರ್ಮನಿಯದು. ಮುಖ್ಯಸ್ಥನಾಗಿ ಗುಜರಾತಿನಿಂದ ಯಾರನ್ನಾದರೂ ಕಳಿಸಿದರೇ? ಇಲ್ಲ. ಸುಜ್ಲಾನ್‌ನ ಡೆನ್ಮಾರ್ಕ್ ಕಚೇರಿಯನ್ನು ನಡೆಸಿದ್ದ ಪೆರ್ ಹೋರ್ನುಂಗ್ ಪೆಡರ್ಸನ್ ಎಂಬ ಡೇನಿಶ್ ವ್ಯಕ್ತಿ ಬಂದರು, 2010ರಲ್ಲಿ ಆಂಡ್ರಿಯಾಸ್ ನೌಯೆನ್ ಬಂದರು. ಮೂರನೆಯ ದೇಶದವನು ಎಂದರೆ ಯಾರೆಂದು ಕೇಳುವ ವಿದ್ಯಾರ್ಥಿಗೆ ಪೆಡರ್ಸನ್ ಹೆಸರು ಹೇಳಬಹುದು. ಸಾಲದ ಭಾರಕ್ಕೆ ಸುಜ್ಲಾನ್ ಆ ಕಂಪೆನಿಯನ್ನು 2015ರಲ್ಲಿ ಮಾರಬೇಕಾಯಿತು, ಅದು ಬೇರೆ ಮಾತು.

ಇಬ್ಬರು ವಿದ್ಯಾರ್ಥಿಗಳು

ಪುಸ್ತಕದ ಮಾತು ಸಾಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿದೇಶಿ ಕಂಪೆನಿಯೊಂದರಲ್ಲಿ ಹದಿನಾರು ವರ್ಷದಿಂದ ಇಂಜಿನಿಯರ್. ಕಾರ್ಖಾನೆಯ ಮುಖ್ಯಸ್ಥರಾಗಿ ಹೊರದೇಶದಿಂದ ಒಬ್ಬರ ನಂತರ ಒಬ್ಬರು, ಮೂರು ಮಂದಿ ಬಂದರು. ಪ್ರತಿಯೊಬ್ಬರಿಗೂ ಇಲ್ಲಿಯ ಕೆಲಸ, ಕಾನೂನು, ಯೂನಿಯನ್ನಿನ ವ್ಯವಹಾರ ಕಲಿಸಿದವನು ಇವನೇ. ಮೂರನೆಯವರು ವಯಸ್ಸಿನಲ್ಲಿ ಇವನಿಗಿಂತ ಆರು ವರ್ಷ ಚಿಕ್ಕವರು. ದೀಪಾವಳಿಗೆ ಊರಿಗೆ ಬಂದಾಗ ನಮ್ಮ ಕಟ್ಟೆಯ ಮೇಲೆ ಕುಳಿತು, "ಸರ, ನಾನೂ ನಿಮ್ಹಂಗ ಮಾಸ್ತರs ಆದ್ನೆಲ್ರಿ. ಕಲಿಸಿದವ್ರೆಲ್ಲಾ ಮುಂದ ಹೊಕ್ಕಾರ, ನಾನು ಅದs ಕ್ಲಾಸಿನ್ಯಾಗ" ಎಂದ. ನಕ್ಕೆವು. ಅವನ ನಗು ಪೂರ್ತಿ ನಗುವಾಗಿರಲಿಲ್ಲ.

ಇನ್ನೊಬ್ಬ ಅದಕ್ಕಿಂತ ನಾಲ್ಕು ವರ್ಷ ಕಿರಿಯ, ಅಂಕಗಳಲ್ಲಿ ಅವನಿಗಿಂತ ಹಿಂದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಸಂಜೆ ತರಗತಿಗೆ ಹೋಗಿ ಜರ್ಮನ್ ಭಾಷೆ ಕಲಿತ. ಮದುವೆಯಾದ ಹೊಸದರಲ್ಲೇ ಕೇಂದ್ರ ಕಚೇರಿಗೆ ಎರಡು ವರ್ಷ ಹೋಗುವಿರಾ ಎಂದಾಗ, ಮನೆಯವರೆಲ್ಲ ಬೇಡವೆಂದರೂ ಹೋದ. ಅಲ್ಲಿ ಪರಿಚಯವಾದವರೇ ಮುಂದೆ ಅವನನ್ನು ಆಗ್ನೇಯ ಏಷ್ಯಾದ ಶಾಖೆಯೊಂದಕ್ಕೆ ವಿಭಾಗ ಮುಖ್ಯಸ್ಥನಾಗಿ ಕಳಿಸಿದರು. ಇವನು ಅಲ್ಲಿ ಮೂರನೆಯ ದೇಶದವನು. ಮೊದಲನೆಯವನಿಗೂ ಅಂಥ ಅವಕಾಶ ಒಮ್ಮೆ ಬಂದಿತ್ತು. ಆಗ ಅವನ ತಂದೆಗೆ ಪಾರ್ಶ್ವವಾಯು ಆಗಿತ್ತು, ಬಿಟ್ಟುಹೋಗಲಿಲ್ಲ. ಇಬ್ಬರಲ್ಲಿ ಯಾರು ಸರಿ ಎಂದು ನಾನು ಹೇಳಲಾರೆ. ಮೊದಲನೆಯವನು ನನಗೆ ಇಂದಿಗೂ ಹೆಚ್ಚು ಇಷ್ಟ.

ನೇಕಾರ ಗೆಳೆಯರು ಹೇಳಿದ ದಿನಕ್ಕೆ ಸರಿಯಾಗಿ ಬಂದರು. ತಿಳಿದದ್ದನ್ನೆಲ್ಲ ಹೇಳಿದೆ. ಬಿಡದಿಯ ತರಬೇತಿ ಸಂಸ್ಥೆ 2007ರಲ್ಲಿ ಆರಂಭವಾದದ್ದು, ಕಲಿಸುವುದು ಚೆನ್ನಾಗಿ ಕಲಿಸುತ್ತಾರೆ, ಆದರೆ ಅದು ತಯಾರಿಸುವುದು ಕುಶಲ ಕೆಲಸಗಾರರನ್ನು, ಅಧಿಕಾರಿಗಳನ್ನಲ್ಲ. ಆ ಬಾಗಿಲಿನಿಂದ ಹೊಕ್ಕವನಿಗೆ ಹತ್ತೊಂಬತ್ತು, ಇಪ್ಪತ್ತರ ವಯಸ್ಸಿಗೇ ಸಂಬಳ ಬರಬಹುದು, ಮೇಲಿನ ಕುರ್ಚಿ ಬಹಳ ದೂರ. ಇಂಜಿನಿಯರಿಂಗ್ ಬಾಗಿಲಿನಿಂದ ಹೊಕ್ಕವನಿಗೆ ಏಣಿ ಉದ್ದವಾಗಿದೆ, ಮೆಟ್ಟಿಲುಗಳೂ ಇವೆ, ಕೊನೆಯ ಎರಡು ಮೆಟ್ಟಿಲು ಯಾರ ಕೈಯಲ್ಲಿದೆ ಎಂಬುದು ಕಂಪೆನಿಯಿಂದ ಕಂಪೆನಿಗೆ ಬೇರೆ. ಸೇರುವ ಮುನ್ನ ಆ ಕಂಪೆನಿಯಲ್ಲಿ ಹಿಂದಿನ ನಾಲ್ಕು ಮುಖ್ಯಸ್ಥರು ಯಾರಿದ್ದರು, ಇಲ್ಲಿಂದ ಎಷ್ಟು ಮಂದಿ ಹೊರಗೆ ಹೋಗಿದ್ದಾರೆ ಎಂದು ಕೇಳಿ ನೋಡಬೇಕು. ಷೇರುಪೇಟೆಯಲ್ಲಿರುವ ಕಂಪೆನಿಯಾದರೆ ಅದರ ವಾರ್ಷಿಕ ವರದಿಯಲ್ಲಿ ನಿರ್ದೇಶಕರ ಹೆಸರೆಲ್ಲ ಅಚ್ಚಾಗಿರುತ್ತವೆ, ಯಾರು ಬೇಕಾದರೂ ಓದಬಹುದು.

ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. "ಏಳು ವರ್ಷ ಅಂದ್ರ ಬಾಳ ಆತ್ರಿ ಸರ. ಪಿಯುಸಿ ಎರಡು, ಇಂಜಿನಿಯರಿಂಗ ನಾಕು, ನೌಕರಿ ಹುಡುಕೂದೊಂದು. ನನ್ನ ಕಣ್ಣ ಈಗs ಸಣ್ಣ ಎಳಿ ಕಾಣೂದಿಲ್ಲ." ಆಮೇಲೆ ಮಗನ ಕಡೆ ನೋಡಿ, "ಎರಡ ವರ್ಷ ಮಗ್ಗದ ಮ್ಯಾಲ ಹೆಂಗರ ಕುಂದರ್ತೀನಿ. ಆಮ್ಯಾಲ ಬ್ಯಾಂಕಿನವ್ರ ಏನಂತಾರೋ ನೋಡೂಣು" ಎಂದರು.

ಹುಡುಗ ಈಗ ಗಜೇಂದ್ರಗಡದಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದಾನೆ. ಶನಿವಾರ ಸಂಜೆ ತಂದೆಯ ಮಗ್ಗದ ಮೇಲೆ ಅವನೇ ಕೂರುತ್ತಾನಂತೆ. ಬೆಳಗಿನ ಬಸ್ಸು ತಪ್ಪಿದ ದಿನ ನನ್ನ ಸ್ಕೂಟರಿನ ಹಿಂದೆ ಕುಳಿತು ಗಜೇಂದ್ರಗಡದವರೆಗೆ ಬರುತ್ತಾನೆ, ದಾರಿಯುದ್ದಕ್ಕೂ ಕ್ಯಾಲ್ಕುಲಸ್ ಬಗ್ಗೆ ಕೇಳುತ್ತಾನೆ. ಅದರಲ್ಲಿ ಅರ್ಧ ನಾನೂ ಮರೆತಿದ್ದೇನೆ, ರಾತ್ರಿ ಪುಸ್ತಕ ತೆಗೆದು ನೋಡಿಕೊಳ್ಳಬೇಕಾಗಿದೆ.